ಹಳೇ ಕ್ಯಾರವಾನ್ ಕೊಳ್ಳುವ ಮುನ್ನ ಮೂಲೆಗೆ ಮೂಗು ಹಚ್ಚಿ

ನಮ್ಮೂರಲ್ಲಿ ಕ್ಯಾರವಾನ್ ಅಂದರೆ ಶೂಟಿಂಗ್ ಜಾಗದಲ್ಲಿ ನಟರು ಮೇಕಪ್‌ಗೆ ಕೂರುವ ಬಸ್ಸು. ನಾನಿರುವ ಬ್ರಿಟನ್ನಿನಲ್ಲಿ ಹಾಗಲ್ಲ. ಇಲ್ಲಿ ಅದು ಎಂಜಿನ್ನೇ ಇಲ್ಲದ, ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ. ಒಂದು ಒಲೆ, ಒಂದು ಸಿಂಕ್, ರಾತ್ರಿ ಹಾಸಿಗೆಯಾಗುವ ಎರಡು ಸೀಟು. ಹೋಟೆಲ್ ಬಿಲ್ಲುಗಳ ಮೇಲಿನ ಸಿಟ್ಟಿಗೆ ನಾವು 1990ರ ದಶಕದ, ಇಬ್ಬರು ಮಲಗುವ ಗಾಡಿಯೊಂದನ್ನು ಕೊಂಡೆವು. ಇನ್ನೊಮ್ಮೆ ಕೊಂಡರೆ ಏನೇನು ನೋಡುತ್ತೇನೆ, ಹೇಗೆ ಓಡಿಸುತ್ತೇನೆ ಅನ್ನುವುದು ಇಲ್ಲಿದೆ.

ಮೊದಲು ತೇವ ಹುಡುಕಿ

ಆ ಕಾಲದ ಹೆಚ್ಚಿನ ಗಾಡಿಗಳಿಗೆ ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ತೆಳು ಪ್ಲೈವುಡ್, ನಡುವೆ ಮರದ ಚೌಕಟ್ಟು. ತಗಡು ಕೂಡುವ ಕಡೆ ಮೆತ್ತಿದ ಅಂಟು ವರ್ಷ ಕಳೆದಂತೆ ಒಣಗಿ ಬಿರುಕು ಬಿಡುತ್ತದೆ. ಅಲ್ಲಿಂದ ಮಳೆನೀರು ಸದ್ದಿಲ್ಲದೆ ಒಳಗಿಳಿಯುತ್ತದೆ. ಹೊರಗೆ ಫಳಫಳ, ಒಳಗೆ ಮರ ಕೊಳೆತಿರುತ್ತದೆ.

ಅದಕ್ಕೇ ಮಳೆ ಬಂದ ಮರುದಿನ ನೋಡಲು ಹೋಗಿ. ಬಾಗಿಲು ತೆಗೆದ ತಕ್ಷಣ ಕಣ್ಣಿಗಿಂತ ಮೊದಲು ಮೂಗಿಗೆ ಕೆಲಸ ಕೊಡಿ. ಒದ್ದೆ ಗೋಣಿಚೀಲದ ವಾಸನೆ ಬಂದರೆ ಅನುಮಾನ ಪಡಿ. ಘಮಘಮ ಸ್ಪ್ರೇ ಹೊಡೆದಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಿ. ಸೀಟಿನ ಕುಶನ್ ಎತ್ತಿ, ಕೆಳಗಿನ ಪೆಟ್ಟಿಗೆಗೆ ಟಾರ್ಚ್ ಬಿಡಿ. ಮುಂದಿನ ಕಿಟಕಿಯ ಕೆಳಮೂಲೆ, ಮೇಲಿನ ಕಪಾಟಿನ ಒಳಮೂಲೆ, ಚಾವಣಿ ಕಿಂಡಿಯ ಸುತ್ತ ಹೆಬ್ಬೆರಳಿನಿಂದ ಒತ್ತಿ. ಗಟ್ಟಿ ಹಲಗೆ ತಟ್ಟಿದರೆ ಟಕ್ ಅನ್ನುತ್ತದೆ. ಕೊಳೆತದ್ದು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಬೆರಳನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ.

ನಮ್ಮ ಗಾಡಿಯಲ್ಲಿ ಒಂದೇ ಒಂದು ಮೂಲೆಗೆ ಹೊಸ ವಾಲ್‌ಪೇಪರ್ ಅಂಟಿಸಿದ್ದರು. ‘ಪಾಪ, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ’ ಅಂದುಕೊಂಡೆವು. ಮೊದಲ ಚಳಿಗಾಲ ಮುಗಿಯುವಷ್ಟರಲ್ಲಿ ಅದೇ ಮೂಲೆಯಲ್ಲಿ ದೋಸೆಯಷ್ಟಗಲ ಕಂದು ಕಲೆ ಎದ್ದಿತ್ತು.

ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ, ದುಬಾರಿಯೇನಲ್ಲ. ಶೇ 15ರ ಒಳಗಿದ್ದರೆ ನೆಮ್ಮದಿ. 15ರಿಂದ 20 ಇದ್ದರೆ ಕಣ್ಣಿಡಬೇಕು. ಅದರ ಮೇಲೆ ಹೋದರೆ ರಿಪೇರಿಯ ಲೆಕ್ಕ ಹಾಕಿಯೇ ಬೆಲೆ ಮಾತಾಡಿ. 30 ದಾಟಿದ್ದರೆ ಟೀ ಕುಡಿದು ಎದ್ದು ಬನ್ನಿ.

ನಂಬರ್, ಟೈರ್

1992ರಿಂದ ಈಚಿನ ಬ್ರಿಟಿಷ್ ಗಾಡಿಗಳಿಗೆ 17 ಅಕ್ಷರ-ಅಂಕಿಗಳ ಗುರುತಿನ ನಂಬರ್ ಇರುತ್ತದೆ. ಕಿಟಕಿ ಗಾಜಿನ ಮೇಲೆ ಕೆತ್ತಿದ್ದೂ ಚಾಸಿಯ ಮೇಲಿನದ್ದೂ ಒಂದೇ ಇರಬೇಕು. ಟೈರಿನ ಗೆರೆ ನೋಡಿ ಮೋಸಹೋಗಬೇಡಿ. ಈ ಗಾಡಿಗಳು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಗೆರೆ ಹೊಸದರಂತೆಯೇ ಇರುತ್ತದೆ, ರಬ್ಬರ್ ಮಾತ್ರ ಮುದಿಯಾಗಿರುತ್ತದೆ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ಸಂಖ್ಯೆ ಓದಿ: 1419 ಅಂದರೆ 2019ರ 14ನೇ ವಾರ. ಐದು ವರ್ಷಕ್ಕೆ ಬದಲಿಸುವುದು ಒಳ್ಳೆಯದು. ಏಳು ದಾಟಿಸಲೇಬೇಡಿ.

ತೂಕ

ನಿಮ್ಮ ಕಾರು ಎಷ್ಟು ಎಳೆಯಬಹುದು ಅನ್ನುವುದು ಅದರ ಕೈಪಿಡಿಯಲ್ಲಿದೆ. ಅದು ಕಾನೂನಿನ ಮಿತಿ. ಹೊಸಬರಿಗೆ ಇಲ್ಲಿ ಇನ್ನೊಂದು ಸಲಹೆ ಕೊಡುತ್ತಾರೆ: ಸಾಮಾನು ತುಂಬಿದ ಕ್ಯಾರವಾನಿನ ತೂಕ ಕಾರಿನ ತೂಕದ ಶೇ 85ರ ಒಳಗಿರಲಿ. 1300 ಕಿಲೋ ಕಾರಿಗೆ 1105 ಕಿಲೋ. ಸಣ್ಣ ಹಳೇ ಗಾಡಿಯ ಸುಖವೇ ಇದು, ಸಾಧಾರಣ ಕಾರೂ ಎಳೆಯುತ್ತದೆ. 2021ರ ಡಿಸೆಂಬರ್ 16ರಿಂದ ಇದಕ್ಕೆ ಬೇರೆ ಪರೀಕ್ಷೆಯೂ ಬೇಡ, ಇಲ್ಲಿನ ಕಾರ್ ಡ್ರೈವಿಂಗ್ ಟೆಸ್ಟ್ ಪಾಸಾಗಿದ್ದರೆ ಸಾಕು.

ಭಾರದ ಸಾಮಾನನ್ನು ಚಕ್ರದ ಮೇಲೆ, ನೆಲಮಟ್ಟದಲ್ಲಿಡಿ. ಅಕ್ಕಿ ಡಬ್ಬ, ಕುಕ್ಕರ್, ಬೇಳೆ ಎಲ್ಲವನ್ನೂ ಹಿಂದಿನ ಕಪಾಟಿಗೆ ತುಂಬಿದರೆ ಗಾಡಿ ಬಾಲ ಆಡಿಸುತ್ತದೆ. ಹಾಗೆ ಆಡಿಸಿದಾಗ ಗಟ್ಟಿಯಾಗಿ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ತಿರುಗಿಸಿ ಸರಿಮಾಡಲೂ ಹೋಗಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು ವೇಗ ಇಳಿಯಲು ಬಿಡಿ.

ಕಟ್ಟುವುದು, ಓಡಿಸುವುದು

ಕ್ಯಾರವಾನಿನ ಹ್ಯಾಂಡ್‌ಬ್ರೇಕ್ ಹಾಕಿ, ಅದರ ಮೂತಿಯ ಕೊಂಡಿಯನ್ನು (ಹಿಚ್) ಕಾರಿನ ಹಿಂದಿರುವ ಲೋಹದ ಗುಂಡಿನ (ಟೋ ಬಾಲ್) ಮೇಲೆ ಇಳಿಸಿ. ಟಕ್ ಅಂದಿತು ಅಂತ ನಂಬಬೇಡಿ. ಮೂತಿಯ ಕೆಳಗೆ ಏರಿಸಿ ಇಳಿಸುವ ಪುಟ್ಟ ಚಕ್ರವಿದೆಯಲ್ಲ, ಆ ಜಾಕಿ ವೀಲಿನ ಹಿಡಿಯನ್ನು ಮತ್ತೆ ತಿರುಗಿಸಿ ಗಾಡಿಯ ಮೂತಿ ಎತ್ತಿ ನೋಡಿ. ಜೊತೆಗೆ ಕಾರಿನ ಹಿಂಭಾಗವೂ ಏಳಬೇಕು. ಎದ್ದರೆ ಕೂಡಿಕೊಂಡಿದೆ ಅಂತ ಅರ್ಥ. ಆಮೇಲೆ ಬ್ರೇಕ್‌ಅವೇ ಕೇಬಲ್ ಸಿಕ್ಕಿಸಿ. ಅಕಸ್ಮಾತ್ ಗಾಡಿ ಕಳಚಿಕೊಂಡರೆ ಅದೇ ಅದರ ಬ್ರೇಕ್ ಎಳೆಯುವುದು. ಕರೆಂಟ್ ಪ್ಲಗ್ ಹಾಕಿ, ಜಾಕಿ ವೀಲ್ ಪೂರ್ತಿ ಮೇಲೆತ್ತಿ, ಹ್ಯಾಂಡ್‌ಬ್ರೇಕ್ ಬಿಡಿ. ಒಬ್ಬರು ಕಾರಿನಲ್ಲಿ ಕೂತು ಇಂಡಿಕೇಟರ್, ಬ್ರೇಕ್ ಲೈಟು ಹಾಕಲಿ, ಇನ್ನೊಬ್ಬರು ಹಿಂದೆ ನಿಂತು ನೋಡಲಿ. ನಮ್ಮನೆಯಲ್ಲಿ ದಾಂಪತ್ಯದ ಪರೀಕ್ಷೆ ನಡೆಯುವುದು ಇಲ್ಲೇ.

ಮೋಟರ್‌ವೇಯಲ್ಲಿ ವೇಗದ ಮಿತಿ ಗಂಟೆಗೆ 60 ಮೈಲಿ, ನಡುವೆ ವಿಭಜಕವಿಲ್ಲದ ಹೆದ್ದಾರಿಯಲ್ಲಿ 50. ಮೂರು ಅಥವಾ ಹೆಚ್ಚು ಲೇನಿನ ಮೋಟರ್‌ವೇಯ ಬಲತುದಿಯ ಲೇನಿಗೆ ಹೋಗುವಂತಿಲ್ಲ.

ತಂಗಿದ ಮೇಲೆ

ಮೊದಲು ಎಡ-ಬಲ ಸಮಮಾಡಿ, ಚಕ್ರದಡಿ ರ‍್ಯಾಂಪ್ ಕೊಟ್ಟು. ಕಾರು ಬಿಚ್ಚಿ, ಜಾಕಿ ವೀಲ್‌ನಿಂದ ಹಿಂದೆ-ಮುಂದೆ ಸಮಮಾಡಿ. ನಾಲ್ಕು ಮೂಲೆಯ ಕಾಲುಗಳನ್ನು ಕೊನೆಗೆ ಇಳಿಸಿ. ಅವು ಗಾಡಿ ಅಲುಗದಂತೆ ಹಿಡಿಯಲು ಇರುವಂಥವು, ಎತ್ತುವ ಜ್ಯಾಕ್ ಅಲ್ಲ.

ತಂಗುದಾಣದ ಕರೆಂಟು 10 ಆಂಪ್ಸ್ ಇದ್ದರೆ ಸುಮಾರು 2300 ವಾಟ್. ಮನೆಯ ಕೆಟಲ್ ಒಂದೇ 3000 ಎಳೆಯುತ್ತದೆ. ಪ್ರವಾಸಕ್ಕೆ ಅಂತಲೇ ಸಿಗುವ ಕಡಿಮೆ ವಾಟಿನ ಕೆಟಲ್ ತನ್ನಿ. ಚಳಿಗಾಲಕ್ಕೆ ಬ್ಯೂಟೇನ್ ಸಿಲಿಂಡರ್ ನಂಬಬೇಡಿ. ಸೊನ್ನೆ ಡಿಗ್ರಿಯ ಹತ್ತಿರ ಅದು ಗ್ಯಾಸ್ ಆಗುವುದೇ ನಿಲ್ಲುತ್ತದೆ. ಪ್ರೊಪೇನ್‌ಗೆ ಆ ತಕರಾರಿಲ್ಲ.

ಒಗ್ಗರಣೆ ಹಾಕುವಾಗ ಚಾವಣಿ ಕಿಂಡಿ ತೆರೆದಿಡಿ. ಅನ್ನದ ಹಬೆ ರಾತ್ರಿ ಗೋಡೆಯಲ್ಲಿ ನೀರಾಗಿ ಇಳಿಯುತ್ತದೆ. ನೆಲದ ಹತ್ತಿರದ ಗಾಳಿಕಿಂಡಿಗಳನ್ನು ಚಳಿ ಅಂತ ಬಟ್ಟೆ ತುರುಕಿ ಮುಚ್ಚಲೇಬಾರದು. ಗ್ಯಾಸ್ ಉರಿಯುವ ಪುಟ್ಟ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಅದರ ಅಲಾರಂ ಒಂದು ಇರಲಿ.

ಚಳಿಗಾಲಕ್ಕೆ ನಿಲ್ಲಿಸುವಾಗ

ಪೈಪು, ಬಿಸಿನೀರಿನ ಟ್ಯಾಂಕು ಎಲ್ಲದರ ನೀರು ಖಾಲಿ ಮಾಡಿ, ನಲ್ಲಿಗಳನ್ನು ತೆರೆದೇ ಬಿಡಿ. ಒಂದೇ ಹಿಡಿಯ ನಲ್ಲಿಯಾದರೆ ಬಿಸಿಗೂ ತಣ್ಣಗೂ ಮಧ್ಯಕ್ಕೆ ತಿರುಗಿಸಿಡಿ. ನಾವು ತಣ್ಣೀರಿನ ಕಡೆಗೇ ಬಿಟ್ಟಿದ್ದೆವು. ಬಿಸಿನೀರಿನ ಪೈಪಿನಲ್ಲಿ ಉಳಿದ ಒಂದು ಲೋಟ ನೀರು ಹೆಪ್ಪುಗಟ್ಟಿ ಜಾಯಿಂಟ್ ಒಡೆಯಿತು. ಗೊತ್ತಾದದ್ದು ಏಪ್ರಿಲ್‌ನಲ್ಲಿ ಪಂಪ್ ಹಾಕಿದಾಗ, ಸೀಟಿನ ಕೆಳಗಿನ ಹೊದಿಕೆಗಳೆಲ್ಲ ನೆನೆದ ಮೇಲೆ.