ಬೈಪಾಸ್ ಆದ ಮೇಲೆ ಮನೆಯಲ್ಲಿ ಕಳೆದ 12 ವಾರ

ಕಳೆದ ಆಷಾಢದಲ್ಲಿ ನನಗೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು, ಅಂದರೆ ಅಡಚಣೆಯ ಜಾಗವನ್ನು ಸುತ್ತಿಕೊಂಡು ರಕ್ತ ಹರಿಯುವಂತೆ ಬೇರೆ ನಾಳಗಳನ್ನು ಜೋಡಿಸಿದರು. ಆಗ ನನಗೆ 62 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾಗಿ ಎರಡು ವರ್ಷವಾಗಿತ್ತು. ಹೃದಯದ ಮೂರು ರಕ್ತನಾಳಗಳಲ್ಲಿ ಅಡಚಣೆಯಿತ್ತು, ಜೊತೆಗೆ ಹಳೆಯ ಸಕ್ಕರೆ ಕಾಯಿಲೆಯೂ ಇತ್ತು. ಇಂಥವರಿಗೆ ನಾಳದೊಳಗೆ ಕೂರಿಸುವ ಜಾಲರಿ ಕೊಳವೆಯಾದ ಸ್ಟೆಂಟ್‌ಗಿಂತ ಬೈಪಾಸೇ ಹೆಚ್ಚು ಕಾಲ ಬಾಳುತ್ತದೆಂದು ವೈದ್ಯರು ಹೇಳಿದರು. ಎಂಟನೆಯ ದಿನ ಡಿಸ್ಚಾರ್ಜ್ ಮಾಡುವಾಗ ಶಸ್ತ್ರವೈದ್ಯರು, “ಹೃದಯದ ಕೆಲಸವನ್ನು ನಾವು ಮುಗಿಸಿದ್ದೇವೆ, ಮನೆಯಲ್ಲಿ ನೀವು ಕಾಯಬೇಕಾದದ್ದು ಎದೆಯ ಮೂಳೆಯನ್ನು” ಎಂದರು. ಆ ಮಾತಿನ ಪೂರ್ಣ ಅರ್ಥ ನನಗೆ ತಿಳಿದದ್ದು ಮನೆಗೆ ಬಂದ ಮೇಲೆ.

ಹೃದಯವನ್ನು ತಲುಪಲು ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೆ ಗರಗಸದಿಂದ ಸೀಳುತ್ತಾರೆ, ಕೆಲಸ ಮುಗಿದ ಮೇಲೆ ಎರಡು ಹೋಳುಗಳನ್ನು ಸೇರಿಸಿ ಸ್ಟೀಲ್ ತಂತಿಗಳಿಂದ ಬಿಗಿಯುತ್ತಾರೆ. ಆ ತಂತಿಗಳು ಜೀವನಪೂರ್ತಿ ಒಳಗೇ ಉಳಿಯುತ್ತವೆ. ಕೈಕಾಲು ಮುರಿದರೆ ಪ್ಲಾಸ್ಟರ್ ಹಾಕಿ ಅಲುಗಾಡದಂತೆ ಇಡಬಹುದು. ಎದೆಗೆ ಹಾಗೆ ಮಾಡುವಂತಿಲ್ಲ, ಏಕೆಂದರೆ ಪ್ರತಿ ಉಸಿರಿಗೂ ಅದು ಅಲುಗಲೇಬೇಕು. ಮೂಳೆ ಒಂದು ಮಟ್ಟಿಗೆ ಕೂಡಿಕೊಳ್ಳಲು ಆರರಿಂದ ಎಂಟು ವಾರ, ಗಟ್ಟಿಯಾಗಲು ಸುಮಾರು 12 ವಾರ ಬೇಕು. ಅಲ್ಲಿಯವರೆಗೆ ಎರಡು ಕಿಲೋಗಿಂತ ಹೆಚ್ಚಿನ ಭಾರವನ್ನು ಎತ್ತಬಾರದು, ಯಾವುದನ್ನೂ ದಬ್ಬಬಾರದು, ಎಳೆಯಬಾರದು, ಕೈಯೂರಿ ಏಳಬಾರದು ಎಂಬುದು ನನಗೆ ವಿಧಿಸಿದ ನಿಯಮ. ಎದೆಯ ಸ್ನಾಯುಗಳು ತೋಳಿಗೂ ಮೂಳೆಗೂ ಅಂಟಿಕೊಂಡಿರುವುದರಿಂದ ತೋಳಿನ ಪ್ರತಿಯೊಂದು ಜಗ್ಗಾಟವೂ ಆ ಸೀಳಿನ ಮೇಲೆಯೇ ಬೀಳುತ್ತದೆ.

ಆಸ್ಪತ್ರೆಯಿಂದ ಹನುಮಂತನಗರದ ನಮ್ಮ ಮನೆಗೆ ಟ್ಯಾಕ್ಸಿಯಲ್ಲಿ, ಹಿಂದಿನ ಸೀಟಿನಲ್ಲಿ, ಎದೆಗೂ ಸೀಟ್ ಬೆಲ್ಟಿಗೂ ನಡುವೆ ಒಂದು ಚಿಕ್ಕ ದಿಂಬನ್ನಿಟ್ಟುಕೊಂಡು ಬಂದೆ. ಬೆಂಗಳೂರಿನ ರಸ್ತೆಗಳಲ್ಲಿ ಎಷ್ಟು ಹಂಪುಗಳಿವೆ ಎಂಬುದನ್ನು ನಾನು ಒಂದೊಂದಾಗಿ ಎಣಿಸಿದ್ದು ಅಂದೇ. ಮನೆ ಮೊದಲ ಮಹಡಿಯಲ್ಲಿದೆ, 18 ಮೆಟ್ಟಿಲು. ಡಿಸ್ಚಾರ್ಜ್‌ಗೆ ಮುನ್ನ ಫಿಸಿಯೋಥೆರಪಿಸ್ಟ್ ಹುಡುಗಿ ಆಸ್ಪತ್ರೆಯ ಮೆಟ್ಟಿಲನ್ನು ಹತ್ತಿಸಿ ಅಭ್ಯಾಸ ಮಾಡಿಸಿದ್ದಳು. “ಕಂಬಿಯನ್ನು ಮುಟ್ಟಿಕೊಂಡಿರಿ ಸರ್, ಹಿಡಿದು ಎಳೆಯಬೇಡಿ” ಎಂದು ಅವಳು ಹೇಳಿದ್ದನ್ನು ನೆನೆಯುತ್ತ, ಆರು ಮೆಟ್ಟಿಲಿಗೊಮ್ಮೆ ನಿಂತು ಹತ್ತಿದೆ.

ಹಾಸಿಗೆಯಿಂದ ಏಳುವುದನ್ನು ಹೊಸದಾಗಿ ಕಲಿಯಬೇಕಾಯಿತು. ಮೊದಲು ಮಂಡಿಗಳನ್ನು ಮಡಚಿ, ಇಡೀ ಮೈಯನ್ನು ಮರದ ದಿಮ್ಮಿಯಂತೆ ಒಂದೇ ಸಲಕ್ಕೆ ಪಕ್ಕಕ್ಕೆ ಹೊರಳಿಸಿ, ಕಾಲುಗಳನ್ನು ಮಂಚದಿಂದ ಕೆಳಗಿಳಿಬಿಟ್ಟು, ಅವುಗಳ ಭಾರದಿಂದಲೇ ಮೇಲಕ್ಕೆ ಬರಬೇಕು. ಎರಡು ಕೈಗಳೂ ದಿಂಬನ್ನು ಅಪ್ಪಿಕೊಂಡಿರಬೇಕು. ಕುರ್ಚಿಯಾದರೆ ಅಂಚಿಗೆ ಸರಿದು, ಪಾದಗಳನ್ನು ಹಿಂದಕ್ಕೆ ತಂದು, ಮುಂದಕ್ಕೆ ಬಾಗಿ ತೊಡೆಯ ಬಲದಿಂದ ಏಳಬೇಕು. ನಮ್ಮ ಹಜಾರದ ತಗ್ಗಾದ ಸೋಫಾದಿಂದ ಹೀಗೆ ಏಳುವುದು ಅಸಾಧ್ಯವೆಂದು ಮೊದಲ ದಿನವೇ ಗೊತ್ತಾಯಿತು, ಆದ್ದರಿಂದ ಊಟದ ಮೇಜಿನ ಎತ್ತರದ ಕುರ್ಚಿಯೇ ಮೂರು ತಿಂಗಳು ನನ್ನ ಪೀಠವಾಯಿತು. ಬೆನ್ನ ಮೇಲೆಯೇ ಮಲಗಬೇಕಾದ್ದರಿಂದ ನಿದ್ರೆ ತುಂಡುತುಂಡಾಗಿ ಬರುತ್ತಿತ್ತು. ಮೊದಲ ಎರಡು ವಾರ ತಲೆಯ ಕಡೆ ಮೂರು ದಿಂಬುಗಳನ್ನು ಪೇರಿಸಿಕೊಂಡು ಅರೆಕುಳಿತ ಭಂಗಿಯಲ್ಲಿ ಕಳೆದೆ.

ಎಲ್ಲಕ್ಕಿಂತ ಹೆಚ್ಚು ಯೋಚನೆ ಬೇಕಾದದ್ದು ಬಚ್ಚಲುಮನೆಗೆ, ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ. ನಮ್ಮದು ನೆಲಮಟ್ಟದ ಹಳೆಯ ಶೌಚಾಲಯ. ಕುಕ್ಕರಗಾಲಿನಲ್ಲಿ ಕುಳಿತವನು ಕೈಯೂರದೆ ಏಳುವುದು ನನ್ನ ವಯಸ್ಸಿನಲ್ಲಿ ಆಗದ ಮಾತು. ಅದಕ್ಕಾಗಿ ಮಗ ಕಮೋಡ್ ಕುರ್ಚಿಯೊಂದನ್ನು ಬಾಡಿಗೆಗೆ ತಂದಿರಿಸಿದ. ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ, ಓಡಾಟವಿಲ್ಲದ ದಿನಗಳು ಸೇರಿ ಮಲಬದ್ಧತೆ ಕಾಡುತ್ತದೆ, ಮುಕ್ಕುವುದಂತೂ ನಿಷಿದ್ಧ. ರಾತ್ರಿ ವೈದ್ಯರು ಬರೆದುಕೊಟ್ಟ ಸಿರಪ್ಪು, ಬೆಳಿಗ್ಗೆ ಪಪ್ಪಾಯಿಯ ನಾಲ್ಕು ಹೋಳುಗಳಿಂದ ಅದು ಹಿಡಿತಕ್ಕೆ ಬಂದಿತು. ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲು. ಬಕೆಟ್ಟನ್ನು ನಾನು ಮುಟ್ಟುವಂತಿರಲಿಲ್ಲ, ಹೆಂಡತಿಯೇ ತುಂಬಿಸಿ ಮಗ್ಗಿನಿಂದ ಹೆಗಲ ಮೇಲೆ ಸುರಿಯುತ್ತಿದ್ದಳು. ಗಾಯಕ್ಕೆ ಸೌಮ್ಯವಾದ ಸಾಬೂನಿನ ನೀರು ಹರಿದರೆ ಸಾಕು, ಉಜ್ಜದೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಬೇಕು. ತುಮಕೂರಿನಿಂದ ಬಂದ ಸೋದರತ್ತೆ, “ಅರಿಶಿನ ಹಚ್ಚೋ, ಬೇಗ ಮಾಯುತ್ತೆ” ಎಂದು ಹಟ ಹಿಡಿದರು. ಅವರ ಪ್ರೀತಿಯಲ್ಲಿ ಸಂದೇಹವಿಲ್ಲ, ಆದರೆ ಸಕ್ಕರೆ ಕಾಯಿಲೆಯವನ ಗಾಯ ಬೇಗ ಕೀವು ಕಟ್ಟುತ್ತದೆ, ಆ ಕೀವು ಮೂಳೆಗಿಳಿದರೆ ಮತ್ತೆ ಎದೆ ತೆರೆಯಬೇಕಾಗಬಹುದು. ಇದೇ ಕಾರಣಕ್ಕೆ ಆರು ವಾರ ನಾನು ಮಾತ್ರೆಯ ಬದಲು ಇನ್ಸುಲಿನ್ ಚುಚ್ಚಿಕೊಂಡು, ದಿನಕ್ಕೆ ಮೂರು ಬಾರಿ ಬೆರಳಿನ ರಕ್ತವನ್ನು ಪರೀಕ್ಷಿಸಿಕೊಂಡೆ.

ನಾನು ತಪ್ಪಿದ್ದೂ ಅದೇ ಬಚ್ಚಲುಮನೆಯಲ್ಲಿ. ಮೂರನೆಯ ವಾರ, ಎರಡು ದಿನ ಬಿಡದೆ ಸುರಿದ ಮಳೆಗೆ ಅಲ್ಲಿನ ಮರದ ಬಾಗಿಲು ಉಬ್ಬಿ ಸಿಕ್ಕಿಕೊಂಡಿತ್ತು. ಹೆಂಡತಿ ಹಾಲು ತರಲು ಕೆಳಗೆ ಹೋಗಿದ್ದಳು. ನಾನು ಅಭ್ಯಾಸಬಲದಿಂದ ಹಿಡಿಯನ್ನು ಹಿಡಿದು ಜಗ್ಗಿದೆ. ಎದೆಯೊಳಗೆ ‘ಟಕ್’ ಎಂಬ ಸದ್ದು ಕೇಳಿಸಿತು, ಹಿಂದೆಯೇ ಬೆವರು ಒಡೆಯಿತು. ಅಂದು ಮಧ್ಯಾಹ್ನವೇ ಆಸ್ಪತ್ರೆಗೆ ಹೋದಾಗ ಶಸ್ತ್ರವೈದ್ಯರು ಗಾಯದ ಎರಡು ಪಕ್ಕದಲ್ಲೂ ಬೆರಳುಗಳನ್ನಿಟ್ಟು ಕೆಮ್ಮಲು ಹೇಳಿದರು. ಹೋಳುಗಳು ಒಂದರ ಮೇಲೊಂದು ಜಾರುತ್ತಿರಲಿಲ್ಲ, ಎಕ್ಸ್‌ರೇಯಲ್ಲಿ ತಂತಿಗಳು ಸಾಲು ತಪ್ಪಿರಲಿಲ್ಲ. ಒಮ್ಮೆ ಬಂದು ನಿಂತುಹೋದ ಸದ್ದಿಗೆ ಹೆದರಬೇಕಾಗಿಲ್ಲ. ಹೊರಳಿದಾಗ, ಕೆಮ್ಮಿದಾಗ ಮತ್ತೆ ಮತ್ತೆ ಕಟಕಟ ಎಂದರೆ, ಇಲ್ಲವೇ ಗಾಯದಿಂದ ನೀರು ಒಸರಿದರೆ ಅದೇ ದಿನ ಬರಬೇಕೆಂದರು. ಮರುದಿನವೇ ಬಡಗಿಯನ್ನು ಕರೆಸಿ ಬಾಗಿಲಿನ ಅಂಚನ್ನು ಹೆರೆಸಿದೆವು. ಆಪರೇಷನ್ನಿಗೆ ಮುಂಚೆಯೇ ಮಾಡಿಸಬೇಕಿದ್ದ ಕೆಲಸ ಅದು. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದವರು ಮನೆಯಲ್ಲಿ ಬಿಗಿಯಾಗಿರುವ ಬಾಗಿಲು, ಚಿಲಕ, ಕಪಾಟುಗಳನ್ನೆಲ್ಲ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಉಸಿರಿನ ವ್ಯಾಯಾಮವನ್ನು ನಾನು ಮೊದಲು ಮಕ್ಕಳಾಟವೆಂದೇ ತಿಳಿದಿದ್ದೆ. ಮೂರು ಚೆಂಡುಗಳಿರುವ ಸ್ಪೈರೋಮೀಟರನ್ನು ಬಾಯಿಗಿಟ್ಟು ನಿಧಾನವಾಗಿ ಗಾಳಿಯನ್ನು ಒಳಗೆಳೆದುಕೊಂಡರೆ ಚೆಂಡುಗಳು ಏರುತ್ತವೆ. ಎಚ್ಚರವಿರುವಷ್ಟು ಹೊತ್ತು ಗಂಟೆಗೆ ಹತ್ತು ಬಾರಿ. ನೋವಿಗೆ ಹೆದರಿ ಮೇಲುಸಿರಾಡುವವರ ಶ್ವಾಸಕೋಶದ ಬುಡ ಮುಚ್ಚಿಕೊಂಡು ಕಫ ಕಟ್ಟುತ್ತದೆ. ಮನೆಗೆ ಬಂದ ದಿನ ನನಗೆ ಏರಿದ್ದು ಒಂದೇ ಚೆಂಡು, ಎರಡನೆಯ ವಾರದ ಕೊನೆಗೆ ಮೂರೂ ಏರಿದವು.

ಬೈಪಾಸಿಗೆ ಬೇಕಾದ ಒಂದು ನಾಳವನ್ನು ಎದೆಯ ಎಡಗೋಡೆಯಿಂದಲೂ ಉಳಿದವನ್ನು ಎಡಗಾಲಿನಿಂದಲೂ ತೆಗೆದಿದ್ದರು. ಎದೆಗಿಂತ ಕಾಲೇ ಹೆಚ್ಚು ಪೀಡಿಸಿತೆಂದರೆ ಕೇಳಿದವರು ನಂಬುವುದಿಲ್ಲ. ಸಂಜೆಯಾಗುವಷ್ಟರಲ್ಲಿ ಕಣಕಾಲು ಊದಿಕೊಳ್ಳುತ್ತಿತ್ತು. ಕುಳಿತಾಗಲೆಲ್ಲ ಕಾಲನ್ನು ಮಣೆಯ ಮೇಲೆ ಎತ್ತರಿಸಿ, ಹಗಲಿನಲ್ಲಿ ಬಿಗಿ ಸ್ಟಾಕಿಂಗ್ಸ್ ಹಾಕಿಕೊಂಡೆ. ಎರಡು ಕಾಲೂ ಊದಿ ತೂಕವೂ ಏರಿದರೆ ಅದು ಬೇರೆಯೇ ಸಂಗತಿ, ದೇಹದಲ್ಲಿ ನೀರು ನಿಲ್ಲುತ್ತಿರುವ ಸೂಚನೆ. ಹಾಗಾಗಿ ಬೆಳಿಗ್ಗೆ ಮೂತ್ರವಿಸರ್ಜನೆಯ ನಂತರ ತೂಕ ನೋಡಿ ಬರೆದಿಡುತ್ತಿದ್ದೆ: ದಿನಕ್ಕೆ ಒಂದು ಕಿಲೋ ಅಥವಾ ವಾರಕ್ಕೆ ಎರಡು ಕಿಲೋ ಏರಿದರೆ ಫೋನ್ ಮಾಡಬೇಕೆಂಬ ಸೂಚನೆಯಿತ್ತು. ಅದೇ ಪುಸ್ತಕದಲ್ಲಿ ನಾಡಿ, ಜ್ವರ, ಸಕ್ಕರೆಯ ಅಂಕಿಗಳೂ ಇದ್ದವು. ಮೇಷ್ಟರಾಗಿದ್ದವನಿಗೆ ಇಷ್ಟವಾದ ಕೆಲಸವೆಂದರೆ ಅದೊಂದೇ.

ಊಟದ ವಿಷಯದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಮೂರು ವಾರ ನಾಲಿಗೆಗೆ ಎಲ್ಲವೂ ಲೋಹದ ರುಚಿ. ಉಪ್ಪಿನಕಾಯಿ, ಹಪ್ಪಳ ಬಿಟ್ಟೆ. ಗಾಯ ಮಾಯಲು ಪ್ರೋಟೀನ್ ಬೇಕೆಂದು ಹೆಸರುಕಾಳಿನ ಹುಳಿ, ಮೊಸರು, ಮೊಟ್ಟೆಯ ಬಿಳಿಭಾಗ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದವರಿಗೆ ಹೃದಯಕ್ಕೆ ಲೋಹದ ಕವಾಟ ಹಾಕಿದ್ದರು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯಿಂದಾಗಿ ಅವರು ಸೊಪ್ಪನ್ನು ವಾರವಾರವೂ ಒಂದೇ ಪ್ರಮಾಣದಲ್ಲಿ ತಿನ್ನಬೇಕಿತ್ತು. ನನಗೆ ಆ ಕಟ್ಟುಪಾಡಿರಲಿಲ್ಲ.

ನೋಡಲು ಬರುವವರದೇ ಒಂದು ಅಧ್ಯಾಯ. ಬಂದವರ ಮುಂದೆ ಮಲಗಿರುವುದು ಸಂಕೋಚ, ಕುಳಿತರೆ ಬೆನ್ನು ಹಿಡಿಯುತ್ತದೆ, ಮಾತಾಡಿದರೆ ಏದುಸಿರು. ಕೊನೆಗೆ ಹೆಂಡತಿ ಸಂಜೆ ಐದರಿಂದ ಆರು ಗಂಟೆಯೆಂದು ಸಮಯ ಗೊತ್ತುಮಾಡಿ, ಕೆಮ್ಮು ನೆಗಡಿ ಇರುವವರನ್ನು ಬಾಗಿಲಲ್ಲೇ ವಿಚಾರಿಸಿ ಕಳುಹಿಸತೊಡಗಿದಳು. ಕೆಲವರು ಬೇಸರಪಟ್ಟುಕೊಂಡರು.

ನಾಲ್ಕನೆಯ ವಾರದಲ್ಲಿ ಕಾರಣವಿಲ್ಲದೆ ಅಳು ಬರತೊಡಗಿತು. ಪತ್ರಿಕೆಯ ಒಂದು ಸಾಲನ್ನು ಎರಡು ಸಲ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ಹದಿಮೂರರ ಮಗ್ಗಿಯಲ್ಲಿ ತಡವರಿಸಿದ ದಿನ ಬಹಳ ಹೆದರಿದೆ. ಹೃದಯದ ಶಸ್ತ್ರಚಿಕಿತ್ಸೆಯಾದ ಅನೇಕರಲ್ಲಿ ಇಂಥ ಖಿನ್ನತೆ, ಮರೆವು ಕಾಣಿಸಿಕೊಂಡು ಕೆಲವು ವಾರಗಳಲ್ಲಿ ತಿಳಿಯಾಗುತ್ತದೆ, ಆಗದಿದ್ದರೆ ಚಿಕಿತ್ಸೆಯಿದೆ ಎಂದು ವೈದ್ಯರು ಹೇಳಿದಾಗ ಅರ್ಧ ಭಾರ ಇಳಿಯಿತು. ಇದನ್ನು ಡಿಸ್ಚಾರ್ಜ್ ದಿನವೇ ಹೆಂಡತಿಯ ಮುಂದೆ ಹೇಳಿದ್ದರೆ ಅವಳು ಆ ಹತ್ತು ರಾತ್ರಿ ನಿದ್ದೆಗೆಡುತ್ತಿರಲಿಲ್ಲ.

ಉಳಿದರ್ಧವನ್ನು ಇಳಿಸಿದ್ದು ನಡಿಗೆ. ಮೊದಲ ವಾರ ಹಜಾರದಲ್ಲಿ ಐದೈದು ನಿಮಿಷ, ದಿನಕ್ಕೆ ನಾಲ್ಕು ಸಲ. ಆಮೇಲೆ ಎರಡು ದಿನಕ್ಕೊಮ್ಮೆ ಒಂದೊಂದು ನಿಮಿಷ ಹೆಚ್ಚಿಸಿದೆ. ನಮ್ಮ ಬೀದಿಯ ಫುಟ್‌ಪಾತಿನ ಕಲ್ಲುಗಳನ್ನು ನಂಬುವಂತಿರಲಿಲ್ಲ, ಹಾಗಾಗಿ ಐದನೆಯ ವಾರದಿಂದ ಮಗ ಬೆಳಿಗ್ಗೆ ಬಸವನಗುಡಿಯ ಕೃಷ್ಣರಾವ್ ಪಾರ್ಕಿಗೆ ಕರೆದೊಯ್ಯುತ್ತಿದ್ದ. ನಡೆಯುತ್ತಲೇ ಪೂರ್ಣ ವಾಕ್ಯ ಆಡಲು ಬಂದರೆ ವೇಗ ಸರಿ, ಮಾತು ತುಂಡಾದರೆ ಹೆಚ್ಚಾಯಿತು ಎಂಬುದೇ ಅಳತೆ. ಎಂಟನೆಯ ವಾರಕ್ಕೆ ಅರ್ಧ ಗಂಟೆ ನಡೆಯುತ್ತಿದ್ದೆ.

ಹನ್ನೆರಡು ವಾರ ಮುಗಿದಾಗ ತಪಾಸಣೆಯಲ್ಲಿ ಮೂಳೆ ಕೂಡಿದೆಯೆಂದರು, ಸ್ಕೂಟರ್ ಓಡಿಸಲೂ ಒಪ್ಪಿಗೆ ಸಿಕ್ಕಿತು. ಎದೆಯ ಎಡಭಾಗದ ಜೋಮು ಮಾತ್ರ ಇನ್ನೂ ಹೋಗಿಲ್ಲ. ನಾಳ ತೆಗೆದ ಜಾಗದ ನರಗಳು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಂತೆ. ಮರುದಿನ ಬೆಳಿಗ್ಗೆ ನಲ್ಲಿಯ ಕೆಳಗಿದ್ದ ಬಕೆಟ್ಟನ್ನು ನಾನೇ ಎತ್ತಿ ಪಕ್ಕಕ್ಕಿಟ್ಟೆ, ಅರ್ಧ ಮಾತ್ರ ತುಂಬಿಸಿದ್ದೆ. ಹೆಂಡತಿ ಬಾಗಿಲ ಬಳಿ ನಿಂತು, “ರೀ, ಸ್ಕೂಟರ್ ಇನ್ನೊಂದು ತಿಂಗಳು ನಿಂತಿರಲಿ” ಎಂದಳು. ಅದು ಈಗಲೂ ಕೆಳಗೇ ನಿಂತಿದೆ.