ಪಚ್ಚೆಯ ಹಿಡಿತ ಮರಳಿ ಬಂದದ್ದು

ಆ ಬೆಳಿಗ್ಗೆ ನನ್ನ ಸಾಕು ಗೋಸುಂಬೆ ಪಚ್ಚೆ ಕೊಂಬೆಯ ಮೇಲಿರಲಿಲ್ಲ. ತೊಟ್ಟಿಯ ತಳದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ. ಮುಂಗಾಲುಗಳು ಬಿಲ್ಲಿನಂತೆ ಬಾಗಿದ್ದವು. ಹಿಂದಿನ ವಾರ ಎರಡು ಸಲ ನಾಲಿಗೆ ಗುರಿ ತಪ್ಪಿದ್ದು ನೆನಪಾಯಿತು. ಬೆರಳು ಕೊಟ್ಟೆ. ಇಕ್ಕಳದಂತೆ ಕಚ್ಚಿ ಹಿಡಿಯುವ ಪಾದ ಬೆರಳ ಮೇಲೆ ಬಟ್ಟೆಯ ತುಂಡಿನಂತೆ ಬಿದ್ದುಕೊಂಡಿತು. ನನಗೆ ಜೀವವೇ ಹೋದಂತಾಯಿತು.

ನಾವಿರುವುದು ಷಿಕಾಗೋದ ಹೊರವಲಯದಲ್ಲಿ. ಪಚ್ಚೆ ಯೆಮೆನ್ ಮೂಲದ, ತಲೆಯ ಮೇಲೆ ಎತ್ತರದ ಶಿಖೆಯಿರುವ ವೇಲ್ಡ್ ಜಾತಿಯ ಗೋಸುಂಬೆ; ಸಾಕಿದವರ ಮನೆಯಲ್ಲೇ ಮೊಟ್ಟೆಯೊಡೆದು ಬಂದವನು. ಊರಿನಲ್ಲಿ ಇದನ್ನು ಓದುವವರು ಬೇಲಿಯ ಗೋಸುಂಬೆಯನ್ನು ಹಿಡಿದು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ, ಮತ್ತು ಅದರ ಜಾಗ ಬೇಲಿಯೇ.

ಸರೀಸೃಪಗಳನ್ನು ನೋಡುವ ಪಶುವೈದ್ಯೆ ಎಕ್ಸ್-ರೇ ತೆಗೆದರು. ಬೆಳ್ಳಗೆ ಎದ್ದು ಕಾಣಬೇಕಾದ ಮೂಳೆಗಳು ಮಾಂಸದೊಳಗೆ ಕರಗಿದಂತೆ ಮಸುಕಾಗಿದ್ದವು. ಕೆಳದವಡೆ ಒತ್ತಿದರೆ ಬಳುಕುತ್ತಿತ್ತು. ಮೂಳೆ ಸವೆಯುವ ಕಾಯಿಲೆ ಎಂದರು. ಬಾಯಿಗೆ ಹಾಕುವ ಕ್ಯಾಲ್ಸಿಯಂ ದ್ರವ ಬರೆದುಕೊಟ್ಟು, "ಇವನ ಮನೆಯ ಫೋಟೊ ತೋರಿಸಿ" ಎಂದರು. ಮೊಬೈಲ್ ನೋಡಿದವರೇ, ಔಷಧಿ ನಿಮಗೆ ಸ್ವಲ್ಪ ಸಮಯ ಕೊಡುತ್ತದೆ, ಮನೆ ಬದಲಾಗದಿದ್ದರೆ ಇವನು ಉಳಿಯುವುದಿಲ್ಲ ಎಂದು ನೇರವಾಗಿ ಹೇಳಿದರು.

ನಾನು ಪ್ರತಿದಿನ ಅವನು ತಿನ್ನುವ ಚಿಮ್ಮಂಡೆಗಳಿಗೆ ಕ್ಯಾಲ್ಸಿಯಂ ಪುಡಿ ಸವರಿಯೇ ಕೊಡುತ್ತಿದ್ದೆ. ಆದರೆ ಚರ್ಮದ ಮೇಲೆ ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಬಿದ್ದಾಗಲೇ ದೇಹದಲ್ಲಿ ಡಿ3 ಜೀವಸತ್ವ ತಯಾರಾಗುವುದು. ಅದಿಲ್ಲದೆ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳಲಾರದು. ಆಗ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಬಿಸಿಲು ಬರುವ ಕಿಟಕಿಯ ಬದಿಯಲ್ಲೇ ತೊಟ್ಟಿ ಇಟ್ಟಿದ್ದೇನಲ್ಲ ಎಂದು ನಾನು ನೆಮ್ಮದಿಯಾಗಿದ್ದೆ. ಕಿಟಕಿಯ ಗಾಜು ಆ ಕಿರಣವನ್ನೇ ತಡೆಯುತ್ತದೆ. ಅಂಗಡಿಯವರು ಕೊಟ್ಟಿದ್ದ ಸುರುಳಿ ಬಲ್ಬಿನ ಕಿರಣವೂ ಅವನ ಕೊಂಬೆಯವರೆಗೆ ತಲುಪುತ್ತಿರಲಿಲ್ಲ.

ಅದೇ ವಾರ ಎರಡಡಿ ಅಗಲ, ನಾಲ್ಕಡಿ ಎತ್ತರದ ಜಾಲರಿ ಗೂಡು ತಂದೆ. ಮೇಲೆ ಟಿ5 ಎಂಬ ಬಗೆಯ ಉದ್ದನೆಯ, ತೆಳುವಾದ ಯುವಿಬಿ ಕೊಳವೆ ದೀಪ ಕೂರಿಸಿ, ಮೀಟರಿನಿಂದ ಅಳೆದು, ಅವನು ಕೂರುವ ಕೊಂಬೆಯನ್ನು ಯುವಿ ಸೂಚ್ಯಂಕ (ಆ ಕಿರಣಗಳ ತೀವ್ರತೆಯ ಅಳತೆ) 3 ಇರುವ ಎತ್ತರಕ್ಕೆ ಕಟ್ಟಿದೆ. ಮೈ ಕಾಯಿಸಿಕೊಳ್ಳುವ ಜಾಗದಲ್ಲಿ 29 ಡಿಗ್ರಿ ಸೆಲ್ಸಿಯಸ್, ರಾತ್ರಿ ದೀಪವೆಲ್ಲ ಆರಿಸಿ ತಂಪು. ಬಿದ್ದರೆ ಮೂಳೆ ಮುರಿಯುವ ಭಯವಿದ್ದುದರಿಂದ ಮೊದಲ ಎರಡು ತಿಂಗಳು ಹಳೆಯ ಟವೆಲ್‌ಗಳನ್ನು ಪೇರಿಸಿ ತಳವನ್ನೇ ಎತ್ತರಿಸಿದ್ದೆ. ಎತ್ತುವಾಗ ಮೇಲಿನಿಂದ ಹಿಡಿಯುತ್ತಿರಲಿಲ್ಲ; ಹೊಟ್ಟೆಯ ಕೆಳಗೆ ಅಂಗೈ ಒಡ್ಡುತ್ತಿದ್ದೆ.

ನೀರಿನ ವಿಷಯದಲ್ಲೂ ಎಡವಿದ್ದೆ. ಗೋಸುಂಬೆ ಬಟ್ಟಲಿನ ನೀರನ್ನು ನೀರೆಂದು ಗುರುತಿಸುವುದೇ ಅಪರೂಪ; ಎಲೆಯ ಮೇಲೆ ಹನಿ ಹೊಳೆಯಬೇಕು. ಗೂಡಿನ ತುಂಬ ಮನಿಪ್ಲಾಂಟ್, ದಾಸವಾಳ ಇಟ್ಟು, ಮೇಲಿನಿಂದ ಹನಿ ತೊಟ್ಟಿಕ್ಕುವಂತೆ ಡಬ್ಬಿ ಕಟ್ಟಿದೆ. ಮೊದಲ ದಿನ ಅರ್ಧ ಗಂಟೆ ಹನಿಯನ್ನೇ ದಿಟ್ಟಿಸಿದ. ಆಮೇಲೆ ಗಂಟಲು ಅಲುಗತೊಡಗಿತು, ಗುಟುಕು ಗುಟುಕಾಗಿ. ಅವನ ಹಿಕ್ಕೆಯ ಜೊತೆ ಬರುವ ಯೂರೇಟ್, ಅಂದರೆ ಮೂತ್ರದ ಗಟ್ಟಿ ಭಾಗ, ನೀರು ಸಾಲದೆಂದು ತೋರುವ ಕಿತ್ತಳೆ ಬಣ್ಣದಿಂದ ಬಿಳಿಗೆ ತಿರುಗಿದ ದಿನ ನಾನು ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ.

ಚಿಮ್ಮಂಡೆಗಳಿಗೆ ಹಾಕುತ್ತಿದ್ದ ಪಾಲಕ್ ನಿಲ್ಲಿಸಿದೆ. ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ದೇಹಕ್ಕೆ ಸಿಗದಂತೆ ಹಿಡಿದಿಡುತ್ತದೆ. ಡಿ3 ಇರುವ ಪುಡಿ ತಿಂಗಳಿಗೆ ಎರಡೇ ಸಲ, ಏಕೆಂದರೆ ಅದು ಹೆಚ್ಚಾದರೂ ಅಪಾಯ.

ಆರನೇ ವಾರ ಕೊಂಬೆಯಿಂದ ಎತ್ತಲು ಹೋದರೆ ಬಿಡಲೊಲ್ಲದೆ ಬಿಗಿಯಾಗಿ ಹಿಡಿದುಕೊಂಡ. ಆ ಹಿಡಿತಕ್ಕಾಗಿ ಎಷ್ಟು ಕಾದಿದ್ದೆ! ಎಡ ಮುಂಗಾಲು ಸೊಟ್ಟಗಾದದ್ದು ಹಾಗೆಯೇ ಉಳಿದಿದೆ, ಅದು ನೇರವಾಗುವುದಿಲ್ಲ. ಅದಕ್ಕೆಂದೇ ಹತ್ತಲು ಸುಲಭವಾಗುವಂತೆ ಅಡ್ಡ ಕೊಂಬೆಗಳನ್ನು ಹತ್ತಿರ ಹತ್ತಿರ ಕಟ್ಟಿದ್ದೇನೆ. ಕಣ್ಣಿಗೆ ಬೆಳಕು ಹಾಗೇ ಕಂಡರೂ ಕೊಳವೆಯ ಯುವಿಬಿ ಕುಂದುತ್ತ ಹೋಗುತ್ತದೆ. ಹಾಕಿದ ದಿನಾಂಕ ಬರೆದ ಚೀಟಿಯನ್ನು ಈಗ ಅದರ ಪಕ್ಕದಲ್ಲೇ ಅಂಟಿಸಿದ್ದೇನೆ.