ಎಂಎಸ್‌ಡಬ್ಲ್ಯು ಸೇರಬೇಕೆಂದಿದ್ದೀರಾ? ಅರ್ಜಿಯ ಕೆಲಸ ಡಿಸೆಂಬರ್‌ನಲ್ಲೇ ಶುರುವಾಗಲಿ

ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯು ಎರಡು ವರ್ಷಗಳ, ನಾಲ್ಕು ಸೆಮಿಸ್ಟರ್‌ಗಳ ವ್ಯಾಸಂಗ. ಬಿಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕ ಪದವಿ) ಓದಿದವರಿಗಷ್ಟೇ ಅಲ್ಲ, ಸಾಮಾನ್ಯವಾಗಿ ಯಾವುದೇ ಪದವಿ ಪಡೆದವರಿಗೂ ಇದರ ಬಾಗಿಲು ತೆರೆದಿರುತ್ತದೆ. ಕನಿಷ್ಠ ಅಂಕಗಳ ಮಿತಿ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ರೀತಿ ಇರುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನು ಓದಿಯೇ ಮುಂದುವರಿಯಬೇಕು.

ಮೊದಲು ಗಮನಿಸಬೇಕಾದದ್ದು, ಪ್ರವೇಶಕ್ಕೆ ಎರಡು ಪ್ರತ್ಯೇಕ ವೇಳಾಪಟ್ಟಿಗಳಿವೆ ಎಂಬುದನ್ನು. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ದೆಹಲಿ ವಿಶ್ವವಿದ್ಯಾಲಯ ಮುಂತಾದವು ಈಚಿನ ವರ್ಷಗಳಲ್ಲಿ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಪ್ರವೇಶ ನೀಡುತ್ತಿವೆ. ಅದರ ಅರ್ಜಿ ಡಿಸೆಂಬರ್ ಆಸುಪಾಸಿನಲ್ಲಿ ಆರಂಭವಾಗಿ, ಪರೀಕ್ಷೆ ಮಾರ್ಚ್ ವೇಳೆಗೆ ನಡೆಯುತ್ತದೆ. ಮೈಸೂರು, ಧಾರವಾಡದಂತಹ ರಾಜ್ಯ ವಿಶ್ವವಿದ್ಯಾಲಯಗಳ ಅಧಿಸೂಚನೆಯಾದರೋ ಪದವಿ ಪರೀಕ್ಷೆಗಳು ಮುಗಿದ ಮೇಲೆಯೇ ಬರುತ್ತದೆ. ಫಲಿತಾಂಶ ಬಂದ ಮೇಲೆ ನೋಡೋಣ ಎಂದು ಕುಳಿತವರಿಗೆ ಮೊದಲನೆಯ ದಾರಿ ಅಷ್ಟರಲ್ಲಿ ಮುಚ್ಚಿಹೋಗಿರುತ್ತದೆ. ಅಂತಿಮ ವರ್ಷದಲ್ಲಿರುವವರೂ ಸಿಯುಇಟಿಗೆ ಅರ್ಜಿ ಹಾಕಬಹುದು.

ಸಿಯುಇಟಿಯ ಪ್ರಶ್ನೆಗಳು ಬಹು ಆಯ್ಕೆಯವು; ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಭಾಷಾ ವಿಷಯಗಳನ್ನು ಬಿಟ್ಟರೆ ಬಹುತೇಕ ಪತ್ರಿಕೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿದವರು ವಿಷಯದ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿಯೂ ರೂಢಿಸಿಕೊಳ್ಳಬೇಕಾಗುತ್ತದೆ. ಯಾವ ಸಂಸ್ಥೆ ಯಾವ ಪತ್ರಿಕೆಯ ಅಂಕವನ್ನು ಪರಿಗಣಿಸುತ್ತದೆ ಎಂಬುದನ್ನು ಅರ್ಜಿ ತುಂಬುವ ಮೊದಲೇ ಖಚಿತಪಡಿಸಿಕೊಳ್ಳಿ. ಪರೀಕ್ಷೆ ಬರೆದ ಮೇಲೆ ಆಯಾ ಸಂಸ್ಥೆಗೆ ಪ್ರತ್ಯೇಕವಾಗಿ ಹೆಸರು ನೋಂದಾಯಿಸುವುದೂ ಅಗತ್ಯ.

ಹೆಚ್ಚು ಜನ ಎಡವುವುದು ದಾಖಲೆಗಳಲ್ಲಿ. ರಾಜ್ಯದ ಸೀಟುಗಳಿಗೆ ಪ್ರವರ್ಗ-1, 2ಎ, 3ಬಿ ಮುಂತಾದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಾದರೆ, ಕೇಂದ್ರದ ಸಂಸ್ಥೆಗಳು ಒಬಿಸಿ ಪ್ರಮಾಣಪತ್ರವನ್ನು ಕೇಂದ್ರದ ನಮೂನೆಯಲ್ಲೇ ಕೇಳುತ್ತವೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಕೇಂದ್ರದ ಪಟ್ಟಿಯಲ್ಲಿಲ್ಲದವರು ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಪ್ರಮಾಣಪತ್ರಕ್ಕೆ ತಾವು ಅರ್ಹರೇ ಎಂದು ನಾಡಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರು ಆ ಭಾಗದವರಿಗೆ ಮೀಸಲಾತಿ ಕಲ್ಪಿಸುವ ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರವನ್ನೂ, ಅನ್ವಯಿಸುವುದಾದರೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನೂ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಅಂಕಪಟ್ಟಿ, ಆಧಾರ್ ಮತ್ತು ಈ ಎಲ್ಲ ಪತ್ರಗಳಲ್ಲಿ ಹೆಸರಿನ ಇನಿಷಿಯಲ್ ಒಂದೇ ರೀತಿ ಇದೆಯೇ ಎಂದು ನೋಡಿ. ಕ್ಷುಲ್ಲಕವೆನಿಸಿದರೂ ಪರಿಶೀಲನೆಯ ಮೇಜಿನಲ್ಲಿ ಇದೇ ದೊಡ್ಡದಾಗುತ್ತದೆ.

ಕಾಲೇಜಿನ ಆಯ್ಕೆಯಲ್ಲಿ ಹೆಸರಿಗಿಂತ ಕ್ಷೇತ್ರಕಾರ್ಯವನ್ನು ನೋಡಬೇಕೆಂಬುದು ಈ ಲೇಖಕನ ಅಭಿಪ್ರಾಯ. ವಾರಕ್ಕೆ ಸಾಮಾನ್ಯವಾಗಿ ಎರಡು ದಿನ ಆಸ್ಪತ್ರೆ, ಬಾಲಮಂದಿರ, ಕೊಳೆಗೇರಿ, ಕಾರ್ಖಾನೆ ಅಥವಾ ಸ್ವಯಂಸೇವಾ ಸಂಸ್ಥೆಯಲ್ಲಿ ಕಳೆಯುವ ಈ ಭಾಗವೇ ಪದವಿಯ ಜೀವಾಳ. ಯಾವ ಸಂಸ್ಥೆಗಳಿಗೆ ಕಳುಹಿಸುತ್ತಾರೆ, ಅಧ್ಯಾಪಕರು ಪ್ರತಿ ವಾರ ವರದಿ ಓದಿ ಚರ್ಚಿಸುತ್ತಾರೆಯೇ, ಪ್ರಯಾಣದ ಖರ್ಚು ಎಷ್ಟಾಗುತ್ತದೆ ಎಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳಿ. ವಿಶೇಷ ಅಧ್ಯಯನದ ವಿಷಯಗಳನ್ನೂ ವಿಚಾರಿಸಿ: ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಬಯಸುವವರು, ಮಾನವ ಸಂಪನ್ಮೂಲ ವಿಭಾಗ ಮಾತ್ರವಿರುವ ಕಾಲೇಜಿಗೆ ಸೇರಿ ಆಮೇಲೆ ಪರಿತಪಿಸುವುದು ವ್ಯರ್ಥ.

ಸಂದರ್ಶನವಿರುವ ಕಡೆ ‘ಸಮಾಜಸೇವೆ ಮಾಡಬೇಕೆಂಬ ಆಸೆ’ ಎಂಬ ಉತ್ತರ ಸಾಲದು. ಎನ್‌ಎಸ್‌ಎಸ್ ಶಿಬಿರದಲ್ಲೋ ನಿಮ್ಮ ಊರಿನ ಸ್ವಸಹಾಯ ಸಂಘದಲ್ಲೋ ಕಂಡ ಒಂದು ಸಮಸ್ಯೆಯನ್ನು, ಅದರ ಕಾರಣಗಳನ್ನು, ಯಾವ ಯೋಜನೆ ಎಲ್ಲಿ ತಲುಪಲಿಲ್ಲ ಎಂಬುದನ್ನು ಬಿಡಿಸಿ ಹೇಳಲು ಸಿದ್ಧರಾಗಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿದರೆ ನಷ್ಟವೇನಿಲ್ಲ.

ಸೀಟು ಹಂಚಿಕೆಯಾದ ಮೇಲೆ ಶುಲ್ಕದ ಗಡುವು ಚಿಕ್ಕದಿರುತ್ತದೆ. ಮೂಲ ವರ್ಗಾವಣೆ ಪತ್ರ, ಬೇರೆ ವಿಶ್ವವಿದ್ಯಾಲಯದಿಂದ ಬರುವವರಾದರೆ ವಲಸೆ ಪ್ರಮಾಣಪತ್ರ ಕೈಯಲ್ಲಿರಲಿ. ಪ್ರವೇಶ ಸಂಖ್ಯೆ ದೊರೆತ ಕೂಡಲೇ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಪರೀಕ್ಷಿಸಿಕೊಳ್ಳಿ.